ನೆಲ ಮುಟ್ಟದ ಸೌದೆ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೊರಟರೆ, ಕುಪ್ಪಳಿಗೆ ತಿರುಗುವ ಗಡಿಕಲ್ಲಿನ ಆಸುಪಾಸಿನಲ್ಲಿ ಟಾರು ರಸ್ತೆಯಿಂದ ಕೆಮ್ಮಣ್ಣಿನ ದಾರಿಗಳು ಎಡಕ್ಕೂ ಬಲಕ್ಕೂ ಇಳಿಯುತ್ತವೆ. ಒಂದೊಂದರ ಕೊನೆಗೂ ಒಂದು ಕಣಿವೆ, ಕಣಿವೆಯಲ್ಲಿ ಅಡಕೆ ತೋಟ, ತೋಟದ ನೆತ್ತಿಯಲ್ಲಿ ಒಂದು ಮನೆ. ಅಂಥದೊಂದು ಮನೆ ಇದು. ಕೆತ್ತನೆಯ ಕಂಬ, ಜಗಲಿ, ನಡುಮನೆ ನೋಡಲು ಬರುವವರು ಬೇರೆ. ನಾನು ಸೀದಾ ಹಿತ್ತಲಿಗೆ ಹೋದೆ. ನೋಡಬೇಕಿದ್ದದ್ದು ಸೌದೆ ಕೊಟ್ಟಿಗೆ.

ಭರಣಿ ಮಳೆ ಹುಟ್ಟಿದೆ, ಇನ್ನೂ ಸುರಿದಿಲ್ಲ. ಮಧ್ಯಾಹ್ನವಾದರೆ ಮೋಡ ಕಟ್ಟುತ್ತದೆ, ನಾಲ್ಕು ಸಲ ಗುಡುಗುತ್ತದೆ, ಕತ್ತಲಾಗುವಷ್ಟರಲ್ಲಿ ಕರಗುತ್ತದೆ. ಈ ಹೊತ್ತಿನಲ್ಲಿ ಮಲೆನಾಡಿನ ಮನೆಗಳಿಗೆ ಎರಡು ಅವಸರ: ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಕ್ಕೆ ತುಂಬುವುದು, ಸೌದೆ ಒಣಗಿಸಿ ಕೊಟ್ಟಿಗೆಗೆ ಸೇರಿಸುವುದು. ಇಲ್ಲಿಂದ ಬಹಳ ದೂರವಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿ.ಮೀ. ಸುರಿದ ದಾಖಲೆಯಿದೆ. ಈ ಕಣಿವೆಯಲ್ಲಿ ಅಷ್ಟಿಲ್ಲ. ಆದರೂ ಮೃಗಶಿರೆಯಿಂದ ಮಘೆಯವರೆಗೆ ಒಂದು ಸೀಳು ಸೌದೆಯನ್ನೂ ನೆಚ್ಚಿ ಹೊರಗಿಡುವ ಹಾಗಿಲ್ಲ.

ಅಡುಗೆಗೆ ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಬಚ್ಚಲ ಹಂಡೆಗೆ ಮಾತ್ರ ಈಗಲೂ ಸೌದೆಯೇ, ಅಡಕೆ ಬೇಯಿಸುವುದಕ್ಕೂ ಸೌದೆಯೇ. ಅಡಕೆ ಕೊಯ್ಲು ಬಿರುಸಾಗುವುದು ದೀಪಾವಳಿಯ ಸುತ್ತಮುತ್ತ. ಆಗ ಒಲೆಗೆ ಹೋಗುವ ಸೌದೆ, ಬೇಸಗೆಯಲ್ಲಿ ಸೀಳಿದ್ದು, ಇಡೀ ಮಳೆಗಾಲ ಕೊಟ್ಟಿಗೆಯಲ್ಲಿ ಕೂತೇ ಕಳೆದಿರುತ್ತದೆ. ಒಣಗಿಸುವುದು ಒಂದು ಕೆಲಸ. ಒಣಗಿದ್ದನ್ನು ನಾಲ್ಕು ತಿಂಗಳ ಮಳೆಯಲ್ಲಿ ಹಾಗೇ ಕಾಯುವುದು ಅದಕ್ಕಿಂತ ದೊಡ್ಡ ಕೆಲಸ.

ಈ ಮನೆಯಲ್ಲಿ ತೋಟದ ಲೆಕ್ಕ ಮಗನ ಕೈಗೆ ಹೋಗಿದೆ, ಅಡುಗೆಮನೆ ಸೊಸೆಯ ಕೈಗೆ. ಸೌದೆ ಕೊಟ್ಟಿಗೆಯನ್ನು ಮಾತ್ರ ಹಿರಿಯಮ್ಮ ಬಿಟ್ಟುಕೊಟ್ಟಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲಿನ ಬದಲು ಒಂದು ಹಿಡಿಗುಡಿಸಲು.

“ಸೌದೆ ನೋಡಕ್ಕೆ ಬಂದಿದ್ದಾ? ಎಂಥ ಕಾಲ ಬಂತು ಮಾರಾಯ್ರೆ!” ಎಂದು ನಕ್ಕು, ಮುಂದೆ ನಡೆದರು.

ಹಿತ್ತಲಿನ ಬಯಲಲ್ಲಿ ಸೌದೆ ಸೀಳುವ ಕೆಲಸ ನಡೆದಿತ್ತು. ಕೊರಡುಗಳಲ್ಲಿ ಹೆಚ್ಚಿನವು ಅಕೇಶಿಯ. ನಡುವೆ ಹೋದ ಮಳೆಗಾಲದ ಗಾಳಿಗೆ ಮುರಿದುಬಿದ್ದ ನೇರಲ ಕೊಂಬೆ, ಸ್ವಲ್ಪ ಮತ್ತಿ, ತೋಟದಂಚಿನ ಸಿಲ್ವರ್ ಓಕ್. ಗಂಟಿಲ್ಲದ ಕೊರಡಿಗೆ ಕೊಡಲಿಯ ಒಂದೇ ಏಟು ಸಾಕು. ಗಂಟು ಸಿಕ್ಕಿದರೆ ಬೆಣೆ ಇಟ್ಟು ಸುತ್ತಿಗೆಯಲ್ಲಿ ಬಡಿಯಬೇಕು. ಬಚ್ಚಲಿಗೆ ಒಂದೂವರೆ ಅಡಿಯ ತುಂಡು, ಅಡಕೆ ಒಲೆಗೆ ಮೂರು ಅಡಿಯದು. ಒಲೆಯ ಬಾಯಿಗೆ ತಕ್ಕಂತೆ ಅಳತೆ ಅಂತ ಯಾರಾದರೂ ಹೇಳುತ್ತಾರೆ, ಸರಿಯೇ. ಆದರೆ ತುಂಡು ಗಿಡ್ಡವಾದಷ್ಟೂ ಬೇಗ ಒಣಗುತ್ತದೆ. ಬೇರಿನಿಂದ ಎಲೆಗೆ ನೀರೇರಿದ ಕೊಳವೆಗಳು ಮರದಲ್ಲಿ ಉದ್ದುದ್ದಕ್ಕೆ ಇರುತ್ತವೆ. ಕಡಿದ ಮೇಲೂ ನೀರು ಅದೇ ದಾರಿ ಹಿಡಿದು ಎರಡು ತುದಿಗಳಿಂದ ಹೊರಬೀಳುತ್ತದೆ, ಪಕ್ಕದಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಮೀರಿದ ವೇಗದಲ್ಲಿ. ತೊಗಟೆಯ ಮೂಲಕವಂತೂ ಹೋಗುವುದು ಅತಿ ಕಡಿಮೆ. ಸೀಳದೆ ಇಟ್ಟ ದುಂಡು ಕೊರಡು ವರ್ಷ ಕಳೆದರೂ ಒಳಗೆ ಹಸಿಯಾಗೇ ಇರುವುದು ಇದಕ್ಕೇ.

ಸೌದೆ ಸೀಳುವವರ ಪಕ್ಕದಲ್ಲಿ ಸಣ್ಣದೊಂದು ಬಾಟಲಿ ಇತ್ತು: ಡೆಪಾ ತೈಲ. ಬೆಟ್ಟಕ್ಕೆ ಸೌದೆಗೋ ದರಕಿಗೋ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಹಾವಳಿ ಚಳಿಗಾಲದಿಂದ ಬೇಸಗೆಯವರೆಗೆ. ಸೌದೆ ತರುವ ಕಾಲವೂ ಅದೇ. ಪೇಟೆಯಲ್ಲಿ ಕೂತು ಹಳ್ಳಿಯ ಸೌದೆ ಒಲೆಯ ಸೊಗಸು ಬರೆಯುವವರು ಈ ಬಾಟಲಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಸೀಳಿದ ಸೌದೆ ನೇರ ಕೊಟ್ಟಿಗೆಗೆ ಹೋಗುವುದಿಲ್ಲ. ಮೊದಲು ಬಯಲಲ್ಲೇ ಒಟ್ಟುತ್ತಾರೆ. ಹಳೆಯ ಬೇಲಿಯ ಕಲ್ಲುಕಂಬಗಳು ಮುರಿದಾಗ ಈ ಮನೆಯಲ್ಲಿ ಎಸೆಯುವುದಿಲ್ಲ. ಎರಡು ಸಾಲು ಕೆಂಪುಕಲ್ಲು ಜೋಡಿಸಿ ಅದರ ಮೇಲೆ ಆ ಕಂಬಗಳನ್ನು ರೈಲು ಹಳಿಯಂತೆ ಮಲಗಿಸುತ್ತಾರೆ. ಹಳಿಗಳ ಮೇಲೆ ಅಡ್ಡಡ್ಡ ಸೌದೆ, ಒಂದೇ ತುಂಡಿನ ಅಗಲಕ್ಕೆ. ಎರಡು ತುದಿಯೂ ಎರಡು ಕಡೆಗೆ ಬಯಲಾಗಿರಬೇಕು. ಒಂದರ ಹಿಂದೆ ಒಂದು ಒಟ್ಟಿದರೆ ನಡುವಿನ ತುದಿಗಳಿಗೆ ಗಾಳಿ ಸಿಗದು. ಒಟ್ಟಲಿನ ಕೊನೆ ಕುಸಿಯದಂತೆ ಅಲ್ಲಿ ಒಂದು ವರಸೆ ಉದ್ದಕ್ಕೆ, ಒಂದು ವರಸೆ ಅಡ್ಡಕ್ಕೆ ಇಟ್ಟು ಚೌಕ ಕಟ್ಟಿದ್ದಾರೆ, ಗೂಟದ ಗೊಡವೆಯೇ ಇಲ್ಲ. ಮೇಲ್ಗಡೆ ಎರಡು ಹಳೆಯ ತಗಡು, ಹಾರದಂತೆ ನಾಲ್ಕು ಕಲ್ಲು. ಪಕ್ಕಗಳಿಗೆ ಏನೂ ಮುಚ್ಚಿಲ್ಲ.

ಇಲ್ಲಿಗೆ ಬರುವ ದಾರಿಯಲ್ಲಿ ಹಲವು ಮನೆಗಳ ಮುಂದೆ ನೀಲಿ ಟಾರ್ಪಾಲಿನಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ, ಹಗ್ಗ ಬಿಗಿದ ರಾಶಿಗಳನ್ನು ಕಂಡಿದ್ದೆ. ನೋಡಲು ಭದ್ರ. ಒಳಗೆ ನೆಲದಿಂದ ಏಳುವ ಆವಿ, ಸೌದೆಯಿಂದ ಬಿಡುವ ಆವಿ ಎರಡೂ ಸೇರಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಹಾಗೆ ಸುತ್ತುವುದಕ್ಕಿಂತ ಬಯಲಲ್ಲಿ ಬಿಡುವುದೇ ಮೇಲು ಎಂಬಷ್ಟು ನನಗೆ ಅದರ ಮೇಲೆ ಸಿಟ್ಟು. ಹಿರಿಯಮ್ಮ ಅಷ್ಟು ಕಟ್ಟುನಿಟ್ಟಲ್ಲ. “ಮೇಲೆ ಹೊದಿಸಾದು ಯಾರಿಗಾದ್ರೂ ಬರುತ್ತೆ. ಕೆಳಗೆ ಎಂಥ ಇಟ್ಟಿದಾರೆ ನೋಡಿ, ಆಮೇಲೆ ಬೈರಿ” ಎಂದರು.

ಬಯಲಿನಿಂದ ಹತ್ತು ಹೆಜ್ಜೆಗೆ ಕೊಟ್ಟಿಗೆ. ಮಂಗಳೂರು ಹೆಂಚಿನ ಇಳಿಮಾಡು, ಒಂದು ಕಡೆ ಬಚ್ಚಲ ಗೋಡೆ, ಉಳಿದ ಮೂರು ಕಡೆ ಅಡಕೆ ದಬ್ಬೆಗಳನ್ನು ಬೆರಳಗಲ ಬಿಟ್ಟು ಬಡಿದ ತಟ್ಟಿ. ಒಳಗೆ ಕಾಲಿಟ್ಟರೆ ಅಕೇಶಿಯದ ಒಗರು ವಾಸನೆ. ಆಳೆತ್ತರಕ್ಕೆ ಒಟ್ಟಿದ ಮೂರು ಸಾಲು, ನಡುವೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ಓಣಿ.

“ಬಗ್ಗಿ” ಎಂದರು ಹಿರಿಯಮ್ಮ. ಬಗ್ಗಿದೆ. “ಇನ್ನೂ ಬಗ್ಗಿ. ಆಚೆ ಕಡೆ ಬೆಳಕು ಕಾಣುತ್ತಾ?”

ಕಂಡಿತು. ಸಾಲಿನ ಕೆಳಗೆ, ಈ ತಟ್ಟಿಯಿಂದ ಆ ತಟ್ಟಿಯವರೆಗೆ, ಒಂದು ಮೊಳ ಎತ್ತರದ ಖಾಲಿ ಜಾಗ. ಅಲ್ಲಲ್ಲಿ ನಿಂತ ಶಿಲೆಕಲ್ಲುಗಳು, ಅವುಗಳ ಮೇಲೆ ಉದ್ದಕ್ಕೆ ಮಲಗಿದ ಜಂಬೆ ಮರದ ತೊಲೆಗಳು. ನೆಲ ಗುಡಿಸಿ ಬೂದಿ ಎರಚಿದೆ. ಒಂದು ಚಕ್ಕೆ, ಒಂದು ತರಗೆಲೆ ಬಿದ್ದಿಲ್ಲ. ಸೌದೆ ಒಟ್ಟಿದ ಕೊಟ್ಟಿಗೆಯಲ್ಲಿ ಅತಿ ಚೊಕ್ಕಟವಾದ ಜಾಗ ಸೌದೆಯ ಅಡಿಯದೇ ಆಗಿರುತ್ತದೆಂದು ನಾನು ಎಣಿಸಿರಲಿಲ್ಲ.

ಈ ಖಾಲಿ ಜಾಗಕ್ಕೆ ಇರುವ ಕೆಲಸ ಒಂದಲ್ಲ. ಮೊದಲನೆಯದು ತೇವದ್ದು. ಮಲೆನಾಡಿನ ಮಣ್ಣು ಜೂನ್ ನಂತರ ನೀರು ಕುಡಿದು ನಿಂತಿರುತ್ತದೆ. ಅದಕ್ಕೆ ತಾಗಿದ ಮರ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತುದಿಯಿಂದ ನೀರನ್ನು ಮೇಲಕ್ಕೆಳೆಯುತ್ತದೆ. ಮರದಲ್ಲಿ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಬೂಷ್ಟಿಗೆ ನೆಲೆಯಿಲ್ಲ. ನೆಲ ಮುಟ್ಟಿದ ತುಂಡು ಆ ಗೆರೆಯನ್ನು ಮಳೆಗಾಲದ ಮೊದಲ ವಾರಗಳಲ್ಲೇ ದಾಟುತ್ತದೆ.

ಎರಡನೆಯದು ಗಾಳಿಯದು, ಇದು ಕಣ್ಣಿಗೆ ಕಾಣದ್ದು. ಸೌದೆಯಿಂದ ನೀರು ಆವಿಯಾಗಿ ಹೊರಡುವಾಗ ಸುತ್ತಲಿನ ಗಾಳಿಯ ಬಿಸಿಯನ್ನು ತಾನು ತೆಗೆದುಕೊಳ್ಳುತ್ತದೆ. ತಣಿದ ಗಾಳಿ ಭಾರವಾಗಿ ಸಂದುಗಳಲ್ಲಿ ಕೆಳಗಿಳಿಯುತ್ತದೆ. ಕೆಳಗೆ ದಾರಿಯಿದ್ದರೆ ಹರಿದು ಹೊರಗೆ ಹೋಗುತ್ತದೆ, ಮೇಲಿನಿಂದ ಒಣ ಗಾಳಿ ಬರುತ್ತದೆ. ದಾರಿಯಿಲ್ಲದಿದ್ದರೆ ಆ ಒದ್ದೆ ಗಾಳಿ ಕೆಳಗಿನ ನಾಲ್ಕಾರು ವರಸೆಗಳಲ್ಲೇ ನಿಂತುಬಿಡುತ್ತದೆ. ರಾಶಿಯ ಮೇಲ್ಭಾಗ ಗಣಗಣ ಒಣಗಿ ಬುಡ ಮಾತ್ರ ಹಸಿಯಾಗಿರುವುದಕ್ಕೆ ನೆಲದ ತೇವವೊಂದೇ ಕಾರಣವಲ್ಲ.

ಮೂರನೆಯದು ಗೆದ್ದಲಿನದು. ಇದನ್ನು ವಿವರಿಸಲು ಹಿರಿಯಮ್ಮ ಮಾತು ಖರ್ಚು ಮಾಡಲಿಲ್ಲ. ಹಿಡಿಗುಡಿಸಲ ತುದಿಯಿಂದ ಮೂಲೆಯ ಒಂದು ಕಲ್ಲನ್ನು ತೋರಿಸಿದರು. ಕಲ್ಲಿನ ನೆರಳಿನ ಬದಿಯಲ್ಲಿ, ನೆಲದಿಂದ ಒಂದು ಗೇಣು ಮೇಲಕ್ಕೆ, ಕಿರುಬೆರಳ ದಪ್ಪದ ಮಣ್ಣಿನ ಗೆರೆ ಏರಿತ್ತು. ಹತ್ತಿರದಿಂದ ನೋಡಿದರೆ ಗೆರೆಯ ಮೇಲ್ತುದಿ ಇನ್ನೂ ಹಸಿ, ಕಡುಗೆಂಪು. ಕೆಳಗಿನದು ಒಣಗಿ ಬಣ್ಣ ಮಾಸಿದೆ. ಹಸಿ ತುದಿಯ ಬಾಯಲ್ಲಿ ಎಳ್ಳಿಗಿಂತ ಸಣ್ಣ ತಲೆಯೊಂದು ಬಂತು, ಮಣ್ಣಿನ ಒಂದು ಕಣ ಮೆತ್ತಿತು, ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ತೊಲೆ ಮುಟ್ಟಲು ಇನ್ನು ನಾಲ್ಕು ಬೆರಳು ಬಾಕಿ. ಹಿರಿಯಮ್ಮ ಹಿಡಿಗುಡಿಸಲ ಕಡ್ಡಿಯಲ್ಲಿ ಒಮ್ಮೆ ಗೀರಿದರು. ಮಣ್ಣು ಉದುರಿತು, ಒಳಗಿದ್ದ ಬಿಳಿ ಮೈಗಳು ದಿಕ್ಕು ತಪ್ಪಿ ಕಲ್ಲಿನ ಮೇಲೆ ಚದುರಿದವು. ಕೊಟ್ಟಿಗೆಯ ಕೋಳಿಗೆ ಇದು ಗೊತ್ತಿರಬೇಕು, ಓಡಿ ಬಂತು.

ಕಲ್ಲು ಗೆದ್ದಲನ್ನು ತಡೆಯುವುದಿಲ್ಲ. ಅದು ಗೆದ್ದಲನ್ನು ತೋರಿಸುತ್ತದೆ, ಅಷ್ಟೇ ಅದರ ಉಪಕಾರ. ಮೈಯ ಪಸೆ ಬೇಗ ಆರುವ ಈ ಹುಳ ಬಯಲಲ್ಲಿ ನಡೆಯಲಾರದು. ಹೋದಲ್ಲೆಲ್ಲ ಮಣ್ಣಿನ ಸುರಂಗ ಕಟ್ಟಿಕೊಂಡೇ ಹೋಗಬೇಕು. ಸೌದೆ ನೆಲಕ್ಕೇ ಕೂತಿದ್ದರೆ ಸುರಂಗ ನೆಲದೊಳಗಿಂದ ನೇರ ಮರದೊಳಗೆ, ಯಾರ ಕಣ್ಣಿಗೂ ಬೀಳದೆ. ಕಲ್ಲಿನ ಮೇಲಿದ್ದರೆ ಅದು ಕಲ್ಲಿನ ಮೈಮೇಲೆ ಹಾದೇ ಹೋಗಬೇಕು. ಎರಡು ದಿನಕ್ಕೊಮ್ಮೆ ಬಗ್ಗಿ ನೋಡಿ ಹಿಡಿಗುಡಿಸಲು ಆಡಿಸುವವರಿದ್ದರೆ ಸೌದೆ ಉಳಿಯಿತು. ಇಲ್ಲದಿದ್ದರೆ ಕಲ್ಲಿಟ್ಟೂ ದಂಡ. ಕೆಲವರು ಕಲ್ಲಿನ ತಲೆಗೆ, ತೊಲೆಗೆ ಗೇರೆಣ್ಣೆ ಬಳಿಯುತ್ತಾರೆ, ಗ್ಯಾರೇಜಿನ ಸುಟ್ಟ ಆಯಿಲ್ ತಂದು ಸುರಿಯುವವರೂ ಇದ್ದಾರೆ. ಇಲ್ಲಿ ಬಚ್ಚಲ ಒಲೆಯ ಬೂದಿ ಬಿಟ್ಟರೆ ಬೇರೆ ಏನೂ ಇಲ್ಲ. ಬೂದಿ ಮಾಡುವ ಮುಖ್ಯ ಕೆಲಸ, ನನಗೆ ಕಂಡಂತೆ, ಅದರ ಮೇಲೆ ಹರಿದ ಯಾವುದರ ಗುರುತನ್ನೂ ಉಳಿಸಿಕೊಳ್ಳುವುದು.

ಅದರಲ್ಲಿ ಹಾವಿನದೂ ಸೇರುತ್ತದೆ. ಆಗುಂಬೆ ಸೀಮೆ ಎಂದರೆ ಕಾಳಿಂಗದ ಸೀಮೆ. ಸೌದೆ ರಾಶಿಗೆ ಇಲಿ ಬರುತ್ತದೆ, ಇಲಿಗೆ ಕೇರೆ ಬರುತ್ತದೆ, ಕೇರೆಯನ್ನು ಹುಡುಕಿಕೊಂಡು ಕಾಳಿಂಗ. ಎತ್ತರದ ಪ್ರಶ್ನೆಯಲ್ಲಿ ಹಿರಿಯಮ್ಮ ಹಟ ಹಿಡಿಯುವುದು ಇಲ್ಲಿ. ನಾಲ್ಕು ಬೆರಳು ಎತ್ತರಿಸಿದರೆ ತೇವಕ್ಕೆ ಸಾಕಾದೀತು, ಆದರೆ ನಾಲ್ಕು ಬೆರಳ ಕತ್ತಲೆ ಸಂದಿ ಹಾವಿಗೆ ಹೇಳಿ ಮಾಡಿಸಿದ ಜಾಗ. ಹಿಡಿಗುಡಿಸಲು ಒಳಗೆ ಹೋಗುವುದಿಲ್ಲ, ಟಾರ್ಚು ಬಿಟ್ಟರೆ ಅರ್ಧಕ್ಕೆ ನಿಲ್ಲುತ್ತದೆ. ಒಂದು ಮೊಳ ಬಿಟ್ಟರೆ ಕೋಳಿ ಓಡಾಡುತ್ತದೆ, ಬೆಕ್ಕು ನುಗ್ಗುತ್ತದೆ, ಬೆಳಕು ಹಾಯುತ್ತದೆ. ಹಾವು ಬರುವುದೇ ಇಲ್ಲ ಅಂತಲ್ಲ. ಬಂದರೆ ಕಾಣುತ್ತದೆ. ಸೌದೆಗೆ ಕೈ ಹಾಕುವ ಮುಂಚೆ ಒಂದು ತುಂಡನ್ನು ಕೋಲಿನಿಂದ ತಟ್ಟುವ ರೂಢಿ ಈ ಮನೆಯ ಮಕ್ಕಳಿಗೂ ಇದೆ.

ಬಚ್ಚಲ ಗೋಡೆಯ ಕಡೆಗೂ ಸೌದೆ ತಾಗಿಲ್ಲ, ಒಂದು ಗೇಣು ದೂರ. ಮಣ್ಣಿನ ಗೋಡೆ, ಒಟ್ಟಲು ಒರಗಿದರೆ ಗೆದ್ದಲು ಅಲ್ಲಿಂದ ಗೋಡೆಗೆ, ಗೋಡೆಯಿಂದ ಮಾಡಿನ ಪಕಾಸಿಗೆ. ಆಗ ನಷ್ಟ ಸೌದೆಯದಲ್ಲ, ಮನೆಯದು. ಹೊರಗಿನ ತಟ್ಟಿಯಿಂದ ಮೂರಡಿ ಒಳಕ್ಕೆ ಒಟ್ಟಿರುವುದು ಎರಚಲಿಗೆ ಹೆದರಿ. ಸೂರಿನಿಂದ ಬೀಳುವ ನೀರು ನೆಲಕ್ಕೆ ಬಡಿದು ಮೊಣಕಾಲೆತ್ತರಕ್ಕೆ ಸಿಡಿಯುತ್ತದೆ, ಮಾಡು ಎಷ್ಟೇ ಗಟ್ಟಿಯಿದ್ದರೂ ಬುಡದ ಸಾಲುಗಳಿಗೆ ಕೆಸರಿನ ಸ್ನಾನ ತಪ್ಪುವುದಿಲ್ಲ.

ಕೊಟ್ಟಿಗೆಯ ಹಿಂಬದಿಗೆ ಬಂದಾಗ ಹಿರಿಯಮ್ಮ ಒಂದು ರಾಶಿಯನ್ನು ದಾಟಿಸಿಕೊಂಡು ಹೋಗಲು ನೋಡಿದರು. ಹೋದ ವರ್ಷ ಒಳಗೆ ಜಾಗ ಸಾಲದೆ ಮಗ ಸೂರಿನಡಿಯಲ್ಲಿ ನೆಲಕ್ಕೇ ಒಟ್ಟಿಸಿ ತಗಡು ಹೊದಿಸಿದ್ದು. ಮೇಲಿನ ತುಂಡುಗಳು ಚೆನ್ನಾಗಿದ್ದವು, ಒಂದಕ್ಕೊಂದು ತಾಗಿಸಿದರೆ ‘ಠಣ್’ ಎನ್ನುತ್ತಿದ್ದವು. ಬುಡದ ಒಂದನ್ನು ಎಳೆದೆ. ತೊಗಟೆ ಇಡಿಯಾಗಿ, ಸೀಳಿದ ದಿನದ ಹಾಗೇ ಇತ್ತು. ಕೈಗೆ ಬಂದದ್ದು ಮಾತ್ರ ತೂಕವೇ ಇಲ್ಲದ ಒಂದು ಕೊಳವೆ. ಹೆಬ್ಬೆರಳು ಒತ್ತಿದರೆ ತೊಗಟೆ ಒಳಕ್ಕೆ ಕುಸಿಯಿತು. ಒಳಗೆ ಮರದ ಬದಲು ಪದರ ಪದರವಾಗಿ ಮಣ್ಣು, ನಡುನಡುವೆ ಗೆದ್ದಲು ಬಿಟ್ಟ ಕಾಗದದಷ್ಟು ತೆಳ್ಳನೆಯ ಗಟ್ಟಿ ನಾರು. ಇನ್ನೊಂದು ತುಂಡನ್ನು ಗೆದ್ದಲು ಮುಟ್ಟಿರಲಿಲ್ಲ, ಅದರ ಅಡಿಮೈಗೆ ಬಿಳಿ ಬೂಷ್ಟು ಹಬ್ಬಿ ಮರ ಬೆಂಡಾಗಿತ್ತು. ಅಂಥದನ್ನು ಬಿಸಿಲಿಗೆ ಹಾಕಿ ಒಣಗಿಸಿದರೂ ಉರಿಯುವ ಸತ್ವವೆಲ್ಲ ಬೂಷ್ಟು ತಿಂದಾಗಿರುತ್ತದೆ.

ಬುಡದ ವರಸೆ ಹೇಗೂ ಹೋಗುತ್ತದೆಂದು ಬೂರುಗದಂಥ ಕೆಲಸಕ್ಕೆ ಬಾರದ ಮರವನ್ನು ಕೆಳಗೆ ಹಾಸಿ ಅದರ ಮೇಲೆ ಒಳ್ಳೆಯ ಸೌದೆ ಒಟ್ಟುವ ಪದ್ಧತಿ ಕೆಲವು ಕಡೆ ಇದೆ. ಕೇಳಿದೆ.

“ಗೆದ್ದಲಿಗೆ ಬಾಗಿಲಲ್ಲೇ ಊಟ ಹಾಕಿ, ಒಳಗೆ ಮಾತ್ರ ಬರಬೇಡ ಅಂದ್ರೆ ಕೇಳುತ್ತಾ?” ಎಂದರು.

ಅಲ್ಲಿಂದ ಬಚ್ಚಲಿಗೆ. ಮಲೆನಾಡಿನ ಬಚ್ಚಲು ಸ್ನಾನಕ್ಕಷ್ಟೇ ಅಲ್ಲ. ಕಟ್ಟಿದ ಒಲೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಅದರ ಮೇಲೆ ಕೈಗೆಟಕುವ ಎತ್ತರದಲ್ಲಿ ಅಡಕೆ ದಬ್ಬೆಯ ಅಟ್ಟ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವಾಗ, ಕೊಟ್ಟಿಗೆಯಲ್ಲಿ ಎಷ್ಟು ಜೋಪಾನ ಮಾಡಿದರೂ ಸೌದೆ ಅಷ್ಟಿಷ್ಟು ತೇವವನ್ನು ಗಾಳಿಯಿಂದ ಮರಳಿ ಪಡೆಯುತ್ತದೆ. ಅದಕ್ಕೆ ಈ ಅಟ್ಟ. ಇವತ್ತು ಉರಿಯುವ ಸೌದೆಯ ಶಾಖದಲ್ಲಿ ಇನ್ನು ನಾಲ್ಕು ದಿನದ ಸೌದೆ ಒಣಗುತ್ತದೆ. ದಬ್ಬೆಗಳಿಂದ ಇಲ್ಲಣ ಕರಿ ನೂಲಾಗಿ ಜೋತುಬಿದ್ದಿತ್ತು. ಅದಕ್ಕೆ ಕಿಡಿ ತಾಗಿದರೆ ಅಟ್ಟವೇ ಹೊತ್ತೀತು. ತಿಂಗಳಿಗೊಮ್ಮೆ ಗುಡಿಸುತ್ತೇವೆ ಎಂದರು. ಈಚೆಗೆ ಗುಡಿಸಿದ ಹಾಗೆ ನನಗೆ ಕಾಣಲಿಲ್ಲ.

ಪಕ್ಕದಲ್ಲಿ ಒಡೆದುಹೋದ ಹಳೆಯ ಅಸ್ತ್ರ ಒಲೆಯ ಗುರುತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ ಅಸ್ತ್ರ ಕೇಂದ್ರದ ಒಲೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ಹೊಗೆ ಕಡಿಮೆ, ಸೌದೆ ಕಡಿಮೆ. ಎಂಥ ಒಲೆಯಾದರೂ ಹಸಿ ಸೌದೆಯ ಮುಂದೆ ಸೋಲುತ್ತದೆ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಹತ್ತು ಕಿಲೋ ಹಸಿ ಸೌದೆ ಒಟ್ಟಿದರೆ ಅದರೊಳಗಿನ ಐದು ಕಿಲೋ ನೀರನ್ನು ಹಾರಿಸುವುದಕ್ಕೇ 2700 ಕಿಲೋಕ್ಯಾಲರಿ ಖರ್ಚು. ಅಷ್ಟು ಶಾಖ ನೂರು ಲೀಟರ್ ಹಂಡೆ ನೀರನ್ನು 25 ಡಿಗ್ರಿಗೂ ಹೆಚ್ಚು ಬಿಸಿಯೇರಿಸುವಷ್ಟು. ಅಂದರೆ ಮನೆಮಂದಿಯ ಸ್ನಾನದ ಬಿಸಿನೀರು ಹೊಗೆಯಾಗಿ ಕೊಳವೆಯಲ್ಲಿ ಹೋಯಿತು, ಜೊತೆಗೆ ಊದಿದವರ ಕಣ್ಣುರಿ ಬೇರೆ.

ಮತ್ತೆ ಕೊಟ್ಟಿಗೆಗೆ ಬರುವಾಗ ಮಗ ಎದುರಾದರು. ಹಿಂದಿನ ಸಾಲಿನ ಜಾಗದಲ್ಲಿ ಕಾಂಕ್ರೀಟು ಹಾಕಿಸುವ ಯೋಚನೆ ಅವರದು. ಒಮ್ಮೆ ಹಾಕಿಸಿದರೆ ಕಲ್ಲಿಲ್ಲ, ತೊಲೆಯಿಲ್ಲ, ಗೆದ್ದಲಿಲ್ಲ, ನೇರ ನೆಲಕ್ಕೇ ಒಟ್ಟಬಹುದು. ಬಗ್ಗಿ ಗುಡಿಸಲು ಇನ್ನು ಮುಂದೆ ಯಾರಿದ್ದಾರೆ ಎಂಬುದು ಅವರ ವಾದ. ಕೊನೆಯ ಮಾತು ನಿಜ. ಮಕ್ಕಳು ಬೆಂಗಳೂರಿನಲ್ಲಿ, ಸೌದೆ ಸೀಳಲು ಜನ ಸಿಗುವುದೇ ಕಷ್ಟ. ಆದರೆ ಕಾಂಕ್ರೀಟಿನ ಮೇಲೆ ಅವರಿಗಿರುವ ನಂಬಿಕೆ ನನಗಿಲ್ಲ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸದೆ ಹಾಕಿದ ಕಾಂಕ್ರೀಟು ನೆಲದ ತೇವವನ್ನು ನಿಧಾನವಾಗಿ ಮೇಲಕ್ಕೆ ಹೀರುತ್ತದೆ. ಮಳೆಗಾಲದ ಒದ್ದೆ ಗಾಳಿ ಅದರ ತಣ್ಣನೆಯ ಮೈಗೆ ತಾಗಿ ಬೆವರುವುದು ಬೇರೆ, ಮಣ್ಣಿನ ನೆಲವಾದರೂ ಆ ಬೆವರನ್ನು ಹೀರಿಕೊಳ್ಳುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೆ ಗೆದ್ದಲಿಗೆ ಅಷ್ಟು ಸಾಕು, ಆಗ ಸುರಂಗ ಸೌದೆಯ ನಡುವಿಗೇ ಏಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ನಾನು ಇಷ್ಟನ್ನು ಹೇಳುವ ಮುಂಚೆಯೇ ಹಿರಿಯಮ್ಮ ತೀರ್ಮಾನ ಕೊಟ್ಟಾಗಿತ್ತು. “ಸಿಮೆಂಟು ಬೇಕಾದ್ರೆ ಹಾಕ್ಸು. ಅದ್ರ ಮೇಲೆ ಕಲ್ಲು ಇಡು, ಕಲ್ಲಿನ ಮೇಲೆ ತೊಲೆ ಇಡು.”

“ಹಂಗಾದ್ರೆ ಸಿಮೆಂಟು ಯಾಕಮ್ಮ?”

“ಗುಡಿಸಕ್ಕೆ ಸುಲಭ ಆಗುತ್ತೆ.”

ಮಗ ನನ್ನ ಕಡೆ ನೋಡಿ ನಕ್ಕರು. ಬಯಲಿನ ಒಟ್ಟಲಿನಿಂದ ಒಣಗಿದ ಸೌದೆ ಒಳಗೆ ಸಾಗಿಸುವ ಕೆಲಸ ನಾಳೆ ಶುರುವಂತೆ. ಅದಕ್ಕೆ ಮೊದಲು ಹಿಂದಿನ ರಾಶಿಯನ್ನು ಬಿಚ್ಚಿ, ಕೆಟ್ಟ ತುಂಡುಗಳನ್ನು ಇವತ್ತೇ ಅಡಕೆ ಒಲೆಯ ಹತ್ತಿರ ಸುಡಬೇಕು, ನೆಲ ಕೆರೆದು ಬೂದಿ ಹಾಕಬೇಕು, ಮುರಿದ ಇನ್ನೆರಡು ಕಲ್ಲುಕಂಬಗಳನ್ನು ತೋಟದ ಬೇಲಿಯಿಂದ ತರಬೇಕು. ಹಿರಿಯಮ್ಮ ಒಂದೊಂದಾಗಿ ಹೇಳುತ್ತಾ ಹೋದರು, ಮಗ ಕಂಬ ತರಲು ಆಳನ್ನು ಕರೆಯಲು ಹೋದರು.